ಅಮೆರಿಕದ ಕಪ್ಪು ಮಕ್ಕಳ ದತ್ತಕ ಸಂಸ್ಥೆಗಳು: ಅಳಿವು ಉಳಿವಿನ ವಿಚಾರ

೧

ತಂದೆತಾಯಿಗಳ ಆಸರೆ ತಪ್ಪಿದ ಮಗುವಿಗೆ ಮತ್ತೊಂದು ಮನೆಯನ್ನು ಹುಡುಕಿಕೊಡುವ ಕೆಲಸ ಹೊರನೋಟಕ್ಕೆ ಸರಳವಾದುದು. ಮಗುವುಂಟು, ಮಗುವನ್ನು ಬಯಸುವ ಮನೆಯುಂಟು. ಇವೆರಡನ್ನು ಕೂಡಿಸುವವರೊಬ್ಬರು ಬೇಕು, ಅಷ್ಟೆ. ಆದರೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಕಪ್ಪು ಜನಾಂಗದ ಮಕ್ಕಳ ವಿಷಯದಲ್ಲಿ ಈ ಕೂಡಿಸುವ ಕೆಲಸವೇ ಬಹುಕಾಲದಿಂದ ಕಠಿನವಾದ ಪ್ರಶ್ನೆಯಾಗಿ ನಿಂತಿದೆ. ಆ ಕೆಲಸಕ್ಕೆಂದೇ ಕಪ್ಪು ಜನರ ನೆರೆಹೊರೆಯಲ್ಲಿ, ಅವರದೇ ಮುಂದಾಳುತನದಲ್ಲಿ ಸಂಸ್ಥೆಗಳು ಹುಟ್ಟಿದುವು. ಇಂಥ ಸಂಸ್ಥೆ ಮುಚ್ಚುವ ಅಂಚಿಗೆ ಬಂದಾಗ ಸಾಮಾನ್ಯವಾಗಿ ಎರಡು ಕಾರಣಗಳು ಕೇಳಿಬರುತ್ತವೆ. ಮಕ್ಕಳನ್ನು ದತ್ತು ಸ್ವೀಕರಿಸುವ ಕಪ್ಪು ಕುಟುಂಬಗಳು ಸಾಕಷ್ಟು ಇಲ್ಲವೆಂಬುದು ಒಂದು. ಒಂದು ಜನಾಂಗಕ್ಕೆಂದೇ ಪ್ರತ್ಯೇಕ ಸಂಸ್ಥೆ ಇನ್ನು ಅನಾವಶ್ಯಕವೆಂಬುದು ಮತ್ತೊಂದು. ಈ ಎರಡೂ ಇತಿಹಾಸದ ಪರೀಕ್ಷೆಗೆ ನಿಲ್ಲುವುದಿಲ್ಲ. ಕಾರಣವನ್ನು ಮುಖ್ಯವಾಗಿ ಆ ಸಂಸ್ಥೆಗಳಿಗೆ ಹಣ ಸಲ್ಲುವ ರೀತಿಯಲ್ಲಿ ಹುಡುಕಬೇಕು. ಇದನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

'ದತ್ತಕ' ಎಂದೊಡನೆ ನಮ್ಮ ವಾಚಕರಿಗೆ ಧರ್ಮಶಾಸ್ತ್ರದ ಕಲ್ಪನೆ ನೆನಪಿಗೆ ಬರುವುದು ಸಹಜ. ವಂಶ ನಿಲ್ಲಬೇಕು, ಪಿಂಡೋದಕಗಳು ಸಲ್ಲಬೇಕು, ಆಸ್ತಿಗೆ ಹಕ್ಕುದಾರನಿರಬೇಕು ಎಂಬ ಉದ್ದೇಶಗಳು ಅಲ್ಲಿ ಮುಖ್ಯ. ಅಮೆರಿಕದಲ್ಲಿ ಬೆಳೆದು ಬಂದ ದತ್ತಕ ಪದ್ಧತಿಯ ಹಿನ್ನೆಲೆ ಬೇರೆ. ೧೮೫೧ರಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನವು ಮಾಡಿದ ಕಾನೂನು ಆಧುನಿಕ ದತ್ತಕ ಶಾಸನಗಳಲ್ಲಿ ಮೊದಲನೆಯದೆಂದು ಹೆಸರಾಗಿದೆ. ಅದರಂತೆ, ದತ್ತು ಬಯಸುವವರು ಮಗುವನ್ನು ಸಾಕಿ ಸಲಹಲು ಯೋಗ್ಯರೆಂದು ನ್ಯಾಯಾಧೀಶನಿಗೆ ಮನವರಿಕೆಯಾಗಬೇಕಾಗಿತ್ತು. ಎಂದರೆ ಮನೆಯ ಯೋಗ್ಯತೆಯನ್ನು ಮೂರನೆಯವರೊಬ್ಬರು ನಿರ್ಣಯಿಸಬೇಕೆಂಬ ತತ್ತ್ವ ಅಲ್ಲಿ ನೆಲೆಗೊಂಡಿತು. ಇಪ್ಪತ್ತನೆಯ ಶತಮಾನದಲ್ಲಿ ಈ ನಿರ್ಣಯಕ್ಕೆ ಬೇಕಾದ ವಿಚಾರಣೆಯನ್ನು ದತ್ತಕ ಸಂಸ್ಥೆಗಳು ವಹಿಸಿಕೊಂಡುವು. 'ಯೋಗ್ಯವಾದ ಮನೆ' ಎಂದರೆ ಯಾವುದು, ಅದನ್ನು ಹೇಳುವವರು ಯಾರು ಎಂಬ ಪ್ರಶ್ನೆಗಳು ಆಗ ಹುಟ್ಟಿಕೊಂಡುವು.

೨

ಕಪ್ಪು ಮಕ್ಕಳಿಗೆ ಪ್ರತ್ಯೇಕ ಸಂಸ್ಥೆಗಳು ಬೇಕಾದುದು ಅವರ ಹಿರಿಯರು ಪ್ರತ್ಯೇಕತೆಯನ್ನು ಬಯಸಿದುದರಿಂದಲ್ಲ; ಇದ್ದ ಸಂಸ್ಥೆಗಳು ಬಾಗಿಲು ತೆರೆಯದಿದ್ದುದರಿಂದ. ನ್ಯೂಯಾರ್ಕಿನ ಅನಾಥಾಲಯಗಳು ಕಪ್ಪು ಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲವಾಗಿ, ೧೮೩೬ರಲ್ಲಿ ಕ್ವೇಕರ್ ಪಂಥದ ಕೆಲವು ಮಹಿಳೆಯರು ಅವರಿಗಾಗಿಯೇ ಒಂದು ಅನಾಥಾಲಯವನ್ನು ತೆರೆದರು. ಅಮೆರಿಕದ ಕಪ್ಪು ಜನರಲ್ಲಿ ವಿಶ್ವವಿದ್ಯಾನಿಲಯದ ವೈದ್ಯ ಪದವಿಯನ್ನು ಮೊದಲು ಪಡೆದ ಜೇಮ್ಸ್ ಮೆಕ್ಯೂನ್ ಸ್ಮಿತ್ ಹಲವು ವರ್ಷ ಅಲ್ಲಿ ವೈದ್ಯನಾಗಿದ್ದ. ಅಂತರ್ಯುದ್ಧದ ಕಾಲದಲ್ಲಿ ಕಡ್ಡಾಯ ಸೈನ್ಯಸೇವೆಯನ್ನು ವಿರೋಧಿಸಿ ಎದ್ದ ದಂಗೆಯಲ್ಲಿ, ೧೮೬೩ನೆಯ ಜುಲೈ ೧೩ರಂದು, ಗುಂಪೊಂದು ಆ ಕಟ್ಟಡಕ್ಕೆ ಬೆಂಕಿಯಿಟ್ಟಿತು. ಒಳಗಿದ್ದ ೨೩೩ ಮಕ್ಕಳು ಹೇಗೋ ಪಾರಾದರು. ಕಟ್ಟಡ ಹೋದರೂ ಸಂಸ್ಥೆ ಅಳಿಯಲಿಲ್ಲ. ಬೇರೆ ಸ್ಥಳಗಳಿಗೆ ಸಾಗಿ, ೧೯೪೪ರಲ್ಲಿ ಹೆಸರನ್ನು ಬದಲಾಯಿಸಿಕೊಂಡು, ಕೆಲಸವನ್ನು ಮುಂದುವರಿಸಿತು. ಮುಂದೆ ಹಾರ್ಲೆಮ್-ಡೌಲಿಂಗ್ ಎಂಬ ಸಂಸ್ಥೆ ತನ್ನ ಪರಂಪರೆಯ ಮೂಲವನ್ನು ಈ ೧೮೩೬ರ ಅನಾಥಾಲಯದಲ್ಲಿಯೇ ಗುರುತಿಸಿಕೊಂಡಿತು.

ನ್ಯೂಯಾರ್ಕಿನದು ಬಿಳಿಯ ಮಹಿಳೆಯರ ಔದಾರ್ಯದ ಫಲವಾದರೆ, ದಕ್ಷಿಣದ ಅಟ್ಲಾಂಟ ನಗರದಲ್ಲಿ ೧೮೮೮ರಲ್ಲಿ ಸ್ಥಾಪಿತವಾದ ಮಕ್ಕಳ ಮನೆ ಕಪ್ಪು ಮಹಿಳೆಯೊಬ್ಬಳ ಶ್ರಮದಿಂದ ಬಂದುದು. ದಾಸ್ಯದಲ್ಲಿ ಹುಟ್ಟಿದ ಕ್ಯಾರಿ ಸ್ಟೀಲ್ ರೈಲು ನಿಲ್ದಾಣದಲ್ಲಿ ಕೆಲಸಕ್ಕಿದ್ದಳು. ಅಲ್ಲಿ ದಿಕ್ಕಿಲ್ಲದೆ ಉಳಿದ ಮಕ್ಕಳನ್ನು ತನ್ನ ಮನೆಗೆ ಕರೆದೊಯ್ಯಲಾರಂಭಿಸಿದಳು. ಮಕ್ಕಳ ಸಂಖ್ಯೆ ಬೆಳೆದಾಗ ತನ್ನ ಬಾಳಿನ ಕಥೆಯನ್ನು ಬರೆದು ಮಾರಿ ಹಣ ಕೂಡಿಸಿದಳು. ಹೀಗೆ ಮೊದಲಿನಿಂದಲೂ ಇಂಥ ಸಂಸ್ಥೆಗಳ ಬಂಡವಾಳವೆಂದರೆ ಸಮುದಾಯದ ನಂಬಿಕೆ. ಹಣ ಯಾವಾಗಲೂ ಅದರ ಹಿಂದೆ ಕುಂಟುತ್ತ ಬಂದಿದೆ.

ಕಪ್ಪು ಜನರಲ್ಲಿ ದತ್ತಕದ ರೂಢಿಯೇ ಇಲ್ಲವೆಂಬ ಮಾತು ಬಹುಕಾಲ ಪ್ರಚಾರದಲ್ಲಿದ್ದಿತು. ವಾಸ್ತವ ಸ್ಥಿತಿ ಇದಕ್ಕೆ ವಿರುದ್ಧ. ದಾಸ್ಯದ ಕಾಲದಲ್ಲಿ ತಾಯಿ ಒಂದು ತೋಟಕ್ಕೂ ಮಗು ಇನ್ನೊಂದಕ್ಕೂ ಮಾರಾಟವಾಗುತ್ತಿದ್ದಾಗ, ಉಳಿದ ಮಗುವನ್ನು ಅಜ್ಜಿಯೋ ಚಿಕ್ಕಮ್ಮನೋ ರಕ್ತಸಂಬಂಧವೇ ಇಲ್ಲದ ನೆರೆಯವಳೋ ಸಾಕುತ್ತಿದ್ದಳು. ಬಿಡುಗಡೆಯ ತರುವಾಯವೂ ಈ ರೂಢಿ ಬಲವಾಗಿಯೇ ಉಳಿಯಿತು. ನ್ಯಾಯಾಲಯದ ಮುದ್ರೆಯಿಲ್ಲದ ಈ ದತ್ತಕವನ್ನು ರಾಬರ್ಟ್ ಹಿಲ್ ಎಂಬ ಸಮಾಜಶಾಸ್ತ್ರಜ್ಞ ೧೯೭೭ರ ತನ್ನ ಅಧ್ಯಯನದಲ್ಲಿ ವಿವರವಾಗಿ ಪರಿಶೀಲಿಸಿದ್ದಾನೆ. ಕೊರತೆಯಿದ್ದುದು ಮಕ್ಕಳನ್ನು ಒಪ್ಪಿಕೊಳ್ಳುವ ಮನಸ್ಸಿನದಲ್ಲ. ಆ ಮನಸ್ಸಿಗೂ ಕಚೇರಿಗೂ ನಡುವಣ ಸೇತುವೆಯದು.

ಕಚೇರಿಯ ನಿಯಮಗಳು ಆ ಕಾಲದ ಬಿಳಿಯ ಮಧ್ಯಮವರ್ಗದ ಮನೆಯನ್ನು ಕಣ್ಣಮುಂದಿರಿಸಿಕೊಂಡು ಮಾಡಿದುವು. ದಂಪತಿಗಳಿಗೆ ಮಕ್ಕಳಾಗದೆಂಬ ವೈದ್ಯರ ಪತ್ರ, ಮಗುವಿಗೆ ಪ್ರತ್ಯೇಕ ಕೊಠಡಿ, ನಿಗದಿಯಾದ ವಯೋಮಿತಿ, ಸ್ಥಿರವಾದ ವರಮಾನ, ಉದ್ಯೋಗಕ್ಕೆ ಹೋಗದೆ ಮನೆಯಲ್ಲಿರುವ ತಾಯಿ ಎಂಬ ಬೇಡಿಕೆಗಳು ಸಾಮಾನ್ಯವಾಗಿದ್ದುವು. ಗಂಡಹೆಂಡಿರಿಬ್ಬರೂ ದುಡಿಯದೆ ಸಂಸಾರ ಸಾಗದಿದ್ದ ಜನಾಂಗದಲ್ಲಿ ಈ ಜರಡಿಯಲ್ಲಿ ಉಳಿಯುವವರು ಎಷ್ಟು ಮಂದಿ? ಜರಡಿಯ ಕಣ್ಣನ್ನು ನೋಡದೆ, ಉಳಿದವರ ಸಂಖ್ಯೆಯನ್ನು ಮಾತ್ರ ಎಣಿಸಿ 'ಕುಟುಂಬಗಳಿಲ್ಲ' ಎಂಬ ತೀರ್ಮಾನಕ್ಕೆ ಬರಲಾಯಿತು.

ಇದೇ ಕಾಲದಲ್ಲಿ ಸರ್ಕಾರದ ವಶಕ್ಕೆ ಬರುವ ಕಪ್ಪು ಮಕ್ಕಳ ಸಂಖ್ಯೆ ಏರತೊಡಗಿತು. ೧೯೬೦ರಲ್ಲಿ ಲೂಸಿಯಾನ ಸಂಸ್ಥಾನವು ತಾಯಂದಿರ ನಡತೆಯ ನೆಪದಿಂದ 'ಅಯೋಗ್ಯ ಮನೆ'ಗಳೆಂದು ಹೆಸರಿಟ್ಟು ಸುಮಾರು ೨೩,೦೦೦ ಮಕ್ಕಳ ಸಹಾಯಧನವನ್ನು ನಿಲ್ಲಿಸಿತು. ಅವರಲ್ಲಿ ಬಹುತೇಕರು ಕಪ್ಪು ಮಕ್ಕಳು. ಮಗು ಆ ಮನೆಯಲ್ಲಿಯೇ ಇರುವಾಗ ಮನೆಯ ಅಯೋಗ್ಯತೆಯ ಕಾರಣದಿಂದ ಸಹಾಯವನ್ನು ನಿಲ್ಲಿಸಕೂಡದೆಂದು ಫೆಡರಲ್ ಸರ್ಕಾರದ ಕಾರ್ಯದರ್ಶಿ ಆರ್ಥರ್ ಫ್ಲೆಮಿಂಗ್ ೧೯೬೧ರ ಜನವರಿಯಲ್ಲಿ ವಿಧಿಸಿದ. ಮನೆಯನ್ನು ಸುಧಾರಿಸಬೇಕು, ಇಲ್ಲವೆ ಮಗುವನ್ನು ಬೇರೆಡೆ ಇರಿಸಬೇಕು ಎಂಬುದು ಅದರ ಆಶಯ. ಬೇರೆಡೆ ಇರಿಸಿದ ಮಕ್ಕಳ ಪೋಷಣೆಗೆ ಫೆಡರಲ್ ಹಣವೂ ದೊರೆಯುವಂತಾಯಿತು. ಒಳ್ಳೆಯ ಉದ್ದೇಶದ ಈ ಕ್ರಮದ ಎರಡನೆಯ ಮಾರ್ಗವೇ ಹಲವೆಡೆ ಸುಲಭವೆನಿಸಿ, ಸಾಕುಮನೆಗಳು ಕಪ್ಪು ಮಕ್ಕಳಿಂದ ತುಂಬತೊಡಗಿದುವು. ಸಾಕುಮನೆಯೆಂದರೆ ಸರ್ಕಾರ ವೆಚ್ಚ ಕೊಟ್ಟು ಮಗುವನ್ನು ತಾತ್ಕಾಲಿಕವಾಗಿ ಇರಿಸುವ ಮನೆ. ದತ್ತಕದ ಶಾಶ್ವತತೆ ಅದಕ್ಕಿಲ್ಲ.

೩

ಈ ಸನ್ನಿವೇಶದಲ್ಲಿ ೧೯೬೦ರ ದಶಕದ ಕೊನೆಯಲ್ಲಿ ಒಂದು ತಿರುವು ಕಾಣುತ್ತದೆ. ೧೯೬೮ರಲ್ಲಿ ಕಪ್ಪು ಸಮಾಜ ಕಾರ್ಯಕರ್ತರ ರಾಷ್ಟ್ರೀಯ ಸಂಘ ಸ್ಥಾಪಿತವಾಯಿತು. ಅದೇ ವರ್ಷ ನ್ಯೂಯಾರ್ಕ್ ಸಂಸ್ಥಾನವು, ಮನೆ ದೊರೆಯುವುದು ಕಷ್ಟವಾದ ಮಕ್ಕಳನ್ನು ದತ್ತು ಸ್ವೀಕರಿಸಿದ ಕುಟುಂಬಗಳಿಗೆ ಸಹಾಯಧನ ಕೊಡುವ ಕಾನೂನನ್ನು ಮಾಡಿ ಇತರ ಸಂಸ್ಥಾನಗಳಿಗೆ ದಾರಿ ತೋರಿಸಿತು. ೧೯೬೯ರಲ್ಲಿ ಡೆಟ್ರಾಯಿಟ್ ನಗರದಲ್ಲಿ ಸಿಡ್ನಿ ಡಂಕನ್ ಎಂಬ ಸಮಾಜ ಕಾರ್ಯಕರ್ತೆಯ ನೇತೃತ್ವದಲ್ಲಿ 'ಹೋಮ್ಸ್ ಫಾರ್ ಬ್ಲ್ಯಾಕ್ ಚಿಲ್ಡ್ರನ್' ಎಂಬ ಸಂಸ್ಥೆ ಆರಂಭವಾಯಿತು. ಬಂದವರಲ್ಲಿ ದೋಷ ಹುಡುಕಿ ಹೊರಗಿಡುವುದಕ್ಕೆ ಬದಲಾಗಿ, ಅವರಲ್ಲಿರುವ ಶಕ್ತಿಯನ್ನು ಗುರುತಿಸಿ ಒಳಗೆ ಕರೆದುಕೊಳ್ಳುವುದು ಅದರ ಕ್ರಮ. ಕುಟುಂಬಗಳು ಇಲ್ಲವೆನ್ನುತ್ತಿದ್ದ ನಗರದಲ್ಲಿಯೇ ಕುಟುಂಬಗಳು ದೊರೆತುವು.

೧೯೮೦ರಲ್ಲಿ ಷಿಕಾಗೊ ನಗರದ ಹೋಲಿ ಏಂಜಲ್ಸ್ ಚರ್ಚಿನ ಪಾದ್ರಿ ಜಾರ್ಜ್ ಕ್ಲೆಮೆಂಟ್ಸ್ ಮತ್ತೊಂದು ಮಾರ್ಗವನ್ನು ತೆರೆದ. ಪ್ರತಿಯೊಂದು ಚರ್ಚೂ ತನ್ನ ಸಭಿಕರಲ್ಲಿ ಒಂದು ಮಗುವನ್ನಾದರೂ ದತ್ತು ಸ್ವೀಕರಿಸುವ ಒಂದು ಕುಟುಂಬವನ್ನು ಹುಡುಕಬೇಕೆಂಬುದು ಅವನ ಯೋಜನೆ. 'ಒಂದು ಚರ್ಚಿಗೆ ಒಂದು ಮಗು' ಎಂಬ ಅರ್ಥದ ಹೆಸರನ್ನೇ ಅದಕ್ಕೆ ಇಡಲಾಯಿತು. ಇಲಿನಾಯ್ ಸಂಸ್ಥಾನದ ಮಕ್ಕಳ ಇಲಾಖೆ ಅದರೊಡನೆ ಕೈಗೂಡಿಸಿತು. ಬೇರೆ ಸಂಸ್ಥಾನಗಳೂ ಅದನ್ನು ಅನುಸರಿಸಿದುವು. ಬ್ರಹ್ಮಚರ್ಯವ್ರತದ ಕ್ಲೆಮೆಂಟ್ಸ್ ೧೯೮೧ರಲ್ಲಿ ತಾನೇ ಒಬ್ಬ ಬಾಲಕನನ್ನು ದತ್ತು ಸ್ವೀಕರಿಸಿ ಮಾತಿಗೆ ಕೃತಿಯ ಬೆಂಬಲವನ್ನು ಕೊಟ್ಟ. ಈ ಯೋಜನೆಯ ವೈಶಿಷ್ಟ್ಯವೆಂದರೆ, ಅದು ಹೊಸ ಕಟ್ಟಡವನ್ನು ಕಟ್ಟಲಿಲ್ಲ. ಜನ ಈಗಾಗಲೇ ನಂಬಿ ಸೇರುತ್ತಿದ್ದ ಸ್ಥಳವನ್ನೇ ಬಳಸಿಕೊಂಡಿತು.

ಇವುಗಳ ಫಲವನ್ನು ತೋರಿಸುವ ಅಂಕಿಗಳಲ್ಲಿ ಒಂದನ್ನು ಇಲ್ಲಿ ಉದಾಹರಿಸಬಹುದು. ದತ್ತಕಕ್ಕೆ ಕಾದಿರುವ ಮಕ್ಕಳ ಹಿತಕ್ಕಾಗಿ ದುಡಿಯುವ ಉತ್ತರ ಅಮೆರಿಕದ ಮಂಡಲಿಯೊಂದು ೧೯೯೧ರಲ್ಲಿ ಹಲವು ಸಂಸ್ಥೆಗಳ ಸಮೀಕ್ಷೆಯನ್ನು ಪ್ರಕಟಿಸಿತು. ಕಪ್ಪು ಮುಂತಾದ ಅಲ್ಪಸಂಖ್ಯಾತ ಜನಾಂಗಗಳ ಮಕ್ಕಳಿಗೆಂದೇ ಮೀಸಲಾದ ಸಂಸ್ಥೆಗಳು ತಮ್ಮ ಕಪ್ಪು ಮಕ್ಕಳಲ್ಲಿ ಶೇಕಡ ೯೪ರಷ್ಟು ಮಂದಿಗೆ ಕಪ್ಪು ಕುಟುಂಬಗಳನ್ನೇ ಹುಡುಕಿಕೊಟ್ಟಿದ್ದುವು. ಸಾಮಾನ್ಯ ಸಂಸ್ಥೆಗಳಲ್ಲಿ ಈ ಪ್ರಮಾಣ ಶೇಕಡ ೫೧ ಮಾತ್ರ. ದೇಶವೂ ಕಾಲವೂ ಒಂದೇ ಆಗಿರುವಾಗ ಇಷ್ಟು ಅಂತರಕ್ಕೆ ಕಾರಣವನ್ನು ಬಹುಮಟ್ಟಿಗೆ ಹುಡುಕುವವರಲ್ಲಿಯೂ ಹುಡುಕುವ ರೀತಿಯಲ್ಲಿಯೂ ಕಾಣಬೇಕಾಗುತ್ತದೆ. ಕುಟುಂಬಗಳನ್ನು ದೂರವಿಟ್ಟ ಅಡಚಣೆಗಳಲ್ಲಿ ದತ್ತಕಕ್ಕೆ ವಿಧಿಸುವ ಶುಲ್ಕವೂ ಒಂದೆಂದು ಅದೇ ಸಮೀಕ್ಷೆ ಎಣಿಸಿತು. ಮನುಷ್ಯರನ್ನು ಕೊಂಡು ಮಾರಿದ ಕಾಲವನ್ನು ಕುಲದ ನೆನಪಿನಲ್ಲಿ ಹೊತ್ತಿರುವ ಜನರಿಗೆ ಮಗುವಿನ ಸಲುವಾಗಿ ಹಣ ತೆರುವುದು ಹೇಗೆ ಕಾಣಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ.

ಈ ಸಂಸ್ಥೆಗಳ ಸುತ್ತ ಒಂದು ತೀವ್ರವಾದ ವಾದವೂ ಬೆಳೆಯಿತು. ಬಿಳಿಯ ಕುಟುಂಬಗಳಿಗೆ ದತ್ತುಹೋದ ಕಪ್ಪು ಮಕ್ಕಳ ಸಂಖ್ಯೆ ೧೯೭೧ರಲ್ಲಿ ೨,೫೭೪ಕ್ಕೆ ಏರಿದ್ದಿತು. ಮರುವರ್ಷ ಕಪ್ಪು ಸಮಾಜ ಕಾರ್ಯಕರ್ತರ ಸಂಘವು ಇದನ್ನು ಬಲವಾಗಿ ವಿರೋಧಿಸುವ ಹೇಳಿಕೆಯನ್ನು ಹೊರಡಿಸಿತು. ಮಗು ತನ್ನ ಜನರ ನಡುವೆ ಬೆಳೆದರೆ ಮಾತ್ರ ವರ್ಣಭೇದದ ಸಮಾಜವನ್ನು ಎದುರಿಸುವ ಬಲವನ್ನು ಪಡೆಯುವುದೆಂಬುದು ಅದರ ನಿಲುವು. ಇದಕ್ಕೆ ಪ್ರತಿಯಾಗಿ ಹಾರ್ವರ್ಡಿನ ಕಾನೂನು ಪ್ರಾಧ್ಯಾಪಕಿ ಎಲಿಜಬೆತ್ ಬಾರ್ಥೊಲೆಟ್, ಒಂದೇ ಬಣ್ಣದ ಮನೆ ದೊರೆಯಲೆಂದು ಮಗುವನ್ನು ವರ್ಷಗಟ್ಟಲೆ ಕಾಯಿಸುವುದು ಅನ್ಯಾಯವೆಂದು ವಾದಿಸಿದಳು. ಬಿಳಿಯ ಮನೆಗಳಲ್ಲಿ ಬೆಳೆದ ಮಕ್ಕಳನ್ನು ದೀರ್ಘಕಾಲ ಅಭ್ಯಸಿಸಿದ ರೀಟ ಸೈಮನ್ ಮತ್ತು ಹೊವರ್ಡ್ ಆಲ್ಟ್‌ಸ್ಟೈನ್, ಅವರು ಸಾಮಾನ್ಯವಾಗಿ ಚೆನ್ನಾಗಿಯೇ ಹೊಂದಿಕೊಂಡಿದ್ದಾರೆಂದು ಕಂಡರು. ಎರಡು ಪಕ್ಷಗಳಲ್ಲಿಯೂ ತೂಕವುಂಟು. ಇತಿಹಾಸಕಾರನು ಒಂದನ್ನು ಹಿಡಿದು ಇನ್ನೊಂದನ್ನು ತಳ್ಳಿಹಾಕಬೇಕಾಗಿಲ್ಲ. ಆದರೆ ಒಂದಂಶ ಗಮನಾರ್ಹ. ಮಗುವನ್ನು ಯಾವ ಮನೆಗೆ ಕೊಡಬೇಕೆಂಬುದನ್ನು ಚರ್ಚಿಸುವ ಮೊದಲು ಮನೆಗಳನ್ನು ಹುಡುಕುವವರಿರಬೇಕು. ಆಯ್ಕೆಗೆ ಎರಡು ಮನೆಗಳಿದ್ದಾಗಲಷ್ಟೆ ಆ ಚರ್ಚೆಗೆ ಅರ್ಥ ಬರುತ್ತದೆ.

೪

ಈಗ ಹಣದ ವಿಚಾರಕ್ಕೆ ಬರೋಣ. ಕಾಂಗ್ರೆಸ್ಸು, ಎಂದರೆ ಅಮೆರಿಕದ ಶಾಸನಸಭೆ, ೧೯೮೦ರ ಕಾನೂನಿನ ಮೂಲಕ ದತ್ತಕ ಕುಟುಂಬಗಳ ಸಹಾಯಧನಕ್ಕೆ ಫೆಡರಲ್ ಹಣವನ್ನು ಒದಗಿಸಿತು. ೧೯೯೪ರ ಕಾನೂನು ಎರಡು ವಿಷಯಗಳನ್ನು ಹೇಳಿತು: ಜನಾಂಗದ ಕಾರಣದಿಂದ ದತ್ತಕವನ್ನು ತಡೆಯಬಾರದು, ಮಕ್ಕಳ ಜನಾಂಗವೈವಿಧ್ಯವನ್ನು ಪ್ರತಿಬಿಂಬಿಸುವ ಕುಟುಂಬಗಳನ್ನು ಸಂಸ್ಥಾನಗಳು ಶ್ರದ್ಧೆಯಿಂದ ಹುಡುಕಬೇಕು. ೧೯೯೬ರ ತಿದ್ದುಪಡಿ ಮೊದಲನೆಯ ವಿಧಿಗೆ ದಂಡದ ಬಲವನ್ನು ಕೊಟ್ಟಿತು. ಅದರಂತೆ ೨೦೦೩ರಲ್ಲಿ ಓಹಾಯೊ ಸಂಸ್ಥಾನದ ಹ್ಯಾಮಿಲ್ಟನ್ ಕೌಂಟಿಯ ಪ್ರಕರಣದಲ್ಲಿ ೧೮ ಲಕ್ಷ ಡಾಲರುಗಳ ದಂಡ ಬಿದ್ದಿತು. ಎರಡನೆಯ ವಿಧಿಗೆ ಅಂಥ ಬಲವೂ ದೊರೆಯಲಿಲ್ಲ, ಅದಕ್ಕೆಂದೇ ಮೀಸಲಾದ ಹಣವೂ ದೊರೆಯಲಿಲ್ಲ. ಹುಡುಕುವ ವಿಧಿ ಸರಿಯಾಗಿ ಜಾರಿಗೆ ಬಂದಿಲ್ಲವೆಂದು ೨೦೦೮ರಲ್ಲಿ ಇವಾನ್ ಡೊನಾಲ್ಡ್‌ಸನ್ ದತ್ತಕ ಸಂಶೋಧನಾ ಸಂಸ್ಥೆಯ ವರದಿ ತೋರಿಸಿಕೊಟ್ಟಿತು. ಆ ಸಂಶೋಧನಾ ಸಂಸ್ಥೆಯೂ ೨೦೧೮ರಲ್ಲಿ ಹಣದ ಅಭಾವದಿಂದ ಮುಚ್ಚಿತೆಂಬುದು ನಮ್ಮ ವಿಷಯಕ್ಕೆ ಮತ್ತೊಂದು ನಿದರ್ಶನ.

೧೯೯೭ರ ಕಾನೂನು ದತ್ತಕಗಳನ್ನು ಹೆಚ್ಚಿಸಲು ಪ್ರೋತ್ಸಾಹಧನವನ್ನು ಏರ್ಪಡಿಸಿತು. ಗೊತ್ತಾದ ಸಂಖ್ಯೆಯನ್ನು ಮೀರಿ ಸಾಕುಮನೆಯಿಂದ ದತ್ತುಹೋದ ಪ್ರತಿಯೊಂದು ಮಗುವಿಗೆ ೪,೦೦೦ ಡಾಲರು, ವಿಶೇಷ ಅಗತ್ಯಗಳಿರುವ ಮಗುವಾದರೆ ಇನ್ನೂ ೨,೦೦೦ ಡಾಲರು. ಈ ಹಣ ಸಲ್ಲುವುದು ಸಂಸ್ಥಾನ ಸರ್ಕಾರಕ್ಕೆ. ಕುಟುಂಬವನ್ನು ಹುಡುಕಿದ ಸಣ್ಣ ಸಂಸ್ಥೆಗೆ ಅದರಲ್ಲಿ ನೇರವಾದ ಹಕ್ಕಿಲ್ಲ. ಸಂಸ್ಥೆಗೆ ದೊರೆಯುವುದು ಸರ್ಕಾರದೊಡನೆ ಮಾಡಿಕೊಂಡ ಕರಾರಿನ ಹಣ. ಅದೂ ಅನೇಕ ಕಡೆ ಮಗು ಮನೆ ಸೇರಿದಾಗ ಒಂದು ಕಂತು, ನ್ಯಾಯಾಲಯದ ಆಜ್ಞೆಯಾದಾಗ ಮತ್ತೊಂದು ಕಂತು ಎಂಬ ಕ್ರಮದಲ್ಲಿ.

ಇದರ ಪರಿಣಾಮವನ್ನು ಒಂದು ಕಲ್ಪಿತ ಲೆಕ್ಕದಿಂದ ವಿಶದಪಡಿಸಬಹುದು. ಸಂಸ್ಥೆಯೊಂದಕ್ಕೆ ಇಪ್ಪತ್ತು ಕುಟುಂಬಗಳು ವಿಚಾರಿಸಲು ಬಂದುವೆನ್ನೋಣ. ಎಲ್ಲರೊಡನೆಯೂ ಮಾತನಾಡಬೇಕು, ತರಬೇತಿ ಕೊಡಬೇಕು, ಮನೆಗೆ ಹೋಗಿ ನೋಡಬೇಕು, ಪೊಲೀಸ್ ದಾಖಲೆ ಆರೋಗ್ಯಪತ್ರಗಳನ್ನು ತರಿಸಬೇಕು. ಹತ್ತು ಕುಟುಂಬಗಳು ನಡುವೆ ಹಿಂದೆ ಸರಿದುವು. ಹತ್ತು ಮನೆಗಳು ಒಪ್ಪಿಗೆ ಪಡೆದುವು. ಐದಕ್ಕೆ ಮಕ್ಕಳು ದೊರೆತರು. ಆಜ್ಞೆ ಹೊರಡಲು ಮತ್ತೂ ತಿಂಗಳುಗಳು ಹಿಡಿದುವು. ಇಪ್ಪತ್ತು ಕುಟುಂಬಗಳ ಕೆಲಸಕ್ಕೆ ಸಂಬಳ ಪ್ರತಿ ತಿಂಗಳೂ ಹೋಗುತ್ತದೆ. ವರಮಾನ ಐದರಿಂದ ಮಾತ್ರ, ಅದೂ ಕೊನೆಯಲ್ಲಿ ಬರುತ್ತದೆ. ಕೂಡಿಟ್ಟ ನಿಧಿಯಿರುವ ದೊಡ್ಡ ಸಂಸ್ಥೆ ಈ ಅಂತರವನ್ನು ದಾಟಬಲ್ಲುದು. ಶ್ರೀಮಂತರ ಶಿಶುದತ್ತಕದ ಶುಲ್ಕದಿಂದ ನಡೆಯುವ ಸಂಸ್ಥೆಗೆ ಈ ಅಂತರವೇ ಇಲ್ಲ. ಶುಲ್ಕ ಕೇಳಲಾಗದ ಕುಟುಂಬಗಳ ನಡುವೆ, ಬೆಳೆದ ಮಕ್ಕಳಿಗೂ ಅಗಲಿಸಬಾರದ ಒಡಹುಟ್ಟಿದವರಿಗೂ ಮನೆ ಹುಡುಕುವ ನೆರೆಹೊರೆಯ ಸಂಸ್ಥೆ ಮಾತ್ರ ಒಂದು ಬಿಲ್ಲು ತಡವಾದರೂ ಸಾಲಕ್ಕೆ ಬೀಳುತ್ತದೆ. ಕಷ್ಟದ ಕೆಲಸವನ್ನು ಹೆಚ್ಚು ಮಾಡಿದಷ್ಟೂ ನಷ್ಟ ಹೆಚ್ಚಾಗುವ ವಿಚಿತ್ರ ವ್ಯವಸ್ಥೆಯಿದು.

೫

ಸಂಸ್ಥೆ ಮುಚ್ಚಿದರೆ ಆಗುವ ನಷ್ಟವೇನು? ಮಕ್ಕಳ ಕಡತಗಳನ್ನು ಬೇರೆ ಕಚೇರಿಗೆ ಒಪ್ಪಿಸಿದರಾಯಿತಲ್ಲವೆ ಎಂದು ಕೇಳಬಹುದು. ನ್ಯೂಯಾರ್ಕಿನ ಲೂಯಿಸ್ ವೈಸ್ ಸಂಸ್ಥೆ ಇದಕ್ಕೆ ತಕ್ಕ ಉದಾಹರಣೆ. ೧೯೧೬ರಲ್ಲಿ ಯಹೂದಿ ಮಕ್ಕಳಿಗಾಗಿ ಆರಂಭವಾಗಿ, ೧೯೫೩ರಲ್ಲಿ ಕಪ್ಪು ಮತ್ತು ಮಿಶ್ರಜನಾಂಗದ ಮಕ್ಕಳ ಕಾರ್ಯಕ್ಕೂ ಕೈಹಾಕಿದ ಈ ಸಂಸ್ಥೆ ೨೦೦೪ರಲ್ಲಿ ಮುಚ್ಚಿತು. ಅದರ ದಾಖಲೆಗಳನ್ನು ಸ್ಪೆನ್ಸ್-ಚೇಪಿನ್ ಎಂಬ ಮತ್ತೊಂದು ಸಂಸ್ಥೆ ವಹಿಸಿಕೊಂಡಿತು. ದತ್ತುಹೋದವರು ಹಲವು ದಶಕಗಳ ಬಳಿಕ ತಮ್ಮ ಹುಟ್ಟಿನ ವಿಷಯವನ್ನು ಕೇಳಿಕೊಂಡು ಬರುವುದರಿಂದ ಕಡತಗಳ ರಕ್ಷಣೆ ಅತ್ಯಗತ್ಯ. ಆದರೆ ಕಡತ ಸಾಗಿದಷ್ಟು ಸುಲಭವಾಗಿ ನಂಬಿಕೆ ಸಾಗುವುದಿಲ್ಲ. ಮಗು ಹದಿಹರೆಯಕ್ಕೆ ಬಂದು ಮನೆಯಲ್ಲಿ ಬಿರುಗಾಳಿಯೆದ್ದಾಗ ದತ್ತುತಾಯಿ ಹೋಗಿ ಬಾಗಿಲು ತಟ್ಟುವುದು ತನಗೆ ಪರಿಚಯವಿದ್ದ ಕಾರ್ಯಕರ್ತೆಯ ಬಾಗಿಲನ್ನು. ತನ್ನ ತಲೆಮಾರಿನ ಹಿರಿಯರಿಂದ ಮಕ್ಕಳನ್ನು ಕಿತ್ತುಕೊಂಡ ಇಲಾಖೆಯ ಬಾಗಿಲನ್ನು ಆಕೆ ತಟ್ಟುವಳೆಂದು ಹೇಳುವಂತಿಲ್ಲ.

ಇನ್ನು ಇಂಥ ಸಂಸ್ಥೆಗಳ ಕಾಲ ಮುಗಿಯಿತೆಂಬ ವಾದ. ೨೦೦೬ರಲ್ಲಿ ಅಮೆರಿಕದ ಮಕ್ಕಳಲ್ಲಿ ಶೇಕಡ ೧೫ರಷ್ಟಿದ್ದ ಕಪ್ಪು ಮಕ್ಕಳು ಸಾಕುಮನೆಗಳಲ್ಲಿ ಶೇಕಡ ೩೨ರಷ್ಟಿದ್ದರು. ೨೦೨೧ರ ವೇಳೆಗೆ ಈ ಪ್ರಮಾಣ ಸುಮಾರು ಶೇಕಡ ೨೨ಕ್ಕೆ ಇಳಿದಿದ್ದಿತು. ಆದರೂ ಜನಸಂಖ್ಯೆಯಲ್ಲಿ ಅವರ ಪಾಲು ಶೇಕಡ ೧೪ರಷ್ಟು ಮಾತ್ರ. ಮಕ್ಕಳನ್ನು ಅಷ್ಟು ಸಂಖ್ಯೆಯಲ್ಲಿ ಮನೆಗಳಿಂದ ತೆಗೆಯುವುದೇ ತಪ್ಪೆಂದು ಡಾರತಿ ರಾಬರ್ಟ್ಸ್ ಎಂಬ ವಿದುಷಿ ವಾದಿಸುತ್ತ ಬಂದಿದ್ದಾಳೆ. ಬಂಧುಗಳೇ ಪೋಷಕರಾದರೆ ಅವರಿಗೆ ನೆರವಾಗಲು ೨೦೦೮ರ ಕಾನೂನು ಅವಕಾಶ ಮಾಡಿತು. ಮಕ್ಕಳು ಮನೆ ಬಿಡದಂತೆ ತಡೆಯುವ ಸೇವೆಗಳಿಗೆ ೨೦೧೮ರ ಕಾನೂನು ಹಣವನ್ನು ತೆರೆಯಿತು. ಆದುದರಿಂದ ಈ ಸಂಸ್ಥೆಗಳ ಕೆಲಸದ ಸ್ವರೂಪ ಬದಲಾಗಬೇಕೆಂಬುದು ನಿಜ. ಅಜ್ಜಿಯ ಮನೆಯಲ್ಲಿರುವ ಮಗುವಿಗೆ ಕಾನೂನಿನ ಭದ್ರತೆಯನ್ನು ಒದಗಿಸುವುದೂ ದತ್ತಕದಷ್ಟೇ ಮುಖ್ಯವಾದ ಸೇವೆ. ಆದರೆ ಆ ಅಜ್ಜಿಯನ್ನು ಬಲ್ಲವರು ಈ ಸಂಸ್ಥೆಗಳವರಲ್ಲದೆ ಮತ್ತಾರು?

ಉಳಿಸುವ ಮಾರ್ಗ ಮೇಲಿನ ವಿವೇಚನೆಯಿಂದಲೇ ಹೊರಡುತ್ತದೆ. ಮೊದಲನೆಯದಾಗಿ, ಮಗು ಸೇರಿದ ಮನೆಗಷ್ಟೇ ಅಲ್ಲದೆ, ಕುಟುಂಬಗಳನ್ನು ಹುಡುಕಿ ಸಿದ್ಧಪಡಿಸುವ ಕೆಲಸಕ್ಕೂ ಸರ್ಕಾರದ ಕರಾರು ಕಾಲಕಾಲಕ್ಕೆ ಹಣ ಕೊಡಬೇಕು. ಆ ಮಕ್ಕಳನ್ನು ತನ್ನ ವಶಕ್ಕೆ ತೆಗೆದುಕೊಂಡುದು ಸರ್ಕಾರ. ಅವರ ಹೊಣೆಯನ್ನು ಚಂದಾಹಣದ ಮೇಲೆ ಹೊರಿಸುವುದು ನ್ಯಾಯವಲ್ಲ. ಎರಡನೆಯದಾಗಿ, ಬಿಲ್ಲು ಬರುವವರೆಗಿನ ತಿಂಗಳುಗಳನ್ನು ದಾಟಿಸುವ ಒಂದು ಮೀಸಲು ನಿಧಿಯನ್ನು ಚರ್ಚುಗಳೂ ಸಂಘಗಳೂ ದತ್ತಕ ಕುಟುಂಬಗಳೂ ಕೂಡಿ ಕಟ್ಟಬೇಕು. ಸಮುದಾಯದ ಹಣ ಪ್ರಮಾಣದಲ್ಲಿ ಸಣ್ಣದಾದರೂ ಸಂಸ್ಥೆ ಯಾರಿಗೆ ಉತ್ತರ ಹೇಳಬೇಕೆಂಬುದನ್ನು ಅದು ಗೊತ್ತುಮಾಡುತ್ತದೆ. ಮೂರನೆಯದಾಗಿ, ದೊಡ್ಡ ಸಂಸ್ಥೆಯೊಂದರಲ್ಲಿ ವಿಲೀನವಾಗುವುದು ಅನಿವಾರ್ಯವಾದರೆ, ಕಾರ್ಯಕರ್ತರೂ ಕಚೇರಿಯೂ ಆ ನೆರೆಹೊರೆಯಲ್ಲಿಯೇ ಉಳಿಯಬೇಕೆಂಬುದನ್ನು ವಿಲೀನದ ಕರಾರಿನಲ್ಲಿ ಬರೆಸಬೇಕು.

ದಾನಧರ್ಮದ ಸಂಸ್ಥೆಗಳ ಚರಿತ್ರೆಯನ್ನು ಬರೆಯುವವರು ಸ್ಥಾಪಕರ ಉದಾತ್ತ ಜೀವನಕ್ಕೆ ಹೆಚ್ಚು ಪುಟಗಳನ್ನು ಕೊಡುವುದು ವಾಡಿಕೆ. ಅವರ ಲೆಕ್ಕದ ಪುಸ್ತಕಗಳಿಗೂ ಅಷ್ಟೇ ಗಮನ ಸಲ್ಲಬೇಕು. ಯಾವ ಕೆಲಸಕ್ಕೆ ಸಮಾಜ ಹಣ ಕೊಟ್ಟಿತು, ಯಾವುದನ್ನು ಸೇವೆಯೆಂದು ಹೊಗಳಿ ಬಿಟ್ಟಿಯಾಗಿ ಮಾಡಿಸಿಕೊಂಡಿತು ಎಂಬುದು ತಿಳಿಯುವುದು ಅಲ್ಲಿ. ಕ್ಯಾರಿ ಸ್ಟೀಲ್ ತನ್ನ ಬಾಳಿನ ಕಥೆಯನ್ನು ಮಾರಿ ಮಕ್ಕಳನ್ನು ಸಾಕಿದುದು ಅವಳ ಹಿರಿಮೆ. ಅದು ಅವಳ ಕಾಲದ ಸರ್ಕಾರದ ಹಿರಿಮೆಯಲ್ಲ. ಅಂಥ ತ್ಯಾಗವನ್ನೇ ಇಂದಿನ ಸಂಸ್ಥೆಗಳಿಂದಲೂ ನಿರೀಕ್ಷಿಸಿ, ಅವು ಸೋತು ಬಾಗಿಲು ಹಾಕಿದಾಗ ಕುಟುಂಬಗಳು ದೊರೆಯಲಿಲ್ಲವೆಂದು ವರದಿ ಬರೆಯುವುದು ಹಿಂದಿನ ಜರಡಿಯನ್ನೇ ಮತ್ತೊಮ್ಮೆ ಬಳಸಿದಂತಾಗುತ್ತದೆ.